ಥಾರ್ ಮರುಭೂಮಿಗೆ ಹೊರಟಿದ್ದೀರಾ? ಇಷ್ಟು ನೆನಪಿರಲಿ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ದಿಬ್ಬಗಳಲ್ಲಿ ಜನ ಜಾಸ್ತಿ, ಜೀಪುಗಳ ಗದ್ದಲ ಬೇರೆ. ನನ್ನನ್ನು ಕೇಳಿದರೆ ಖುರಿ ಊರಿನ ಕಡೆಯೇ ವಾಸಿ. ಹಗಲು ಬಿಸಿಲಿದೆಯಲ್ವಾ ಅಂತ ಸುಮ್ನೆ ಒಂದು ಟೀ ಶರ್ಟ್‌ನಲ್ಲಿ ಹೊರಡಬೇಡಿ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಕಾಲಡಿಯ ಮರಳು ತಣ್ಣಗಾಗುತ್ತದೆ, ಜನವರಿ ರಾತ್ರಿಯಲ್ಲಂತೂ ಸ್ವೆಟರ್ ಮೇಲೆ ಕಂಬಳಿ ಹೊದ್ದರೂ ನಡುಕ ಬಿಡುವುದಿಲ್ಲ.

ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್ ಇರಲಿ. ಬಾಯಾರುವವರೆಗೆ ಕಾಯಬೇಡಿ, ಆಗಾಗ ಗುಟುಕರಿಸುತ್ತಿರಿ. ತಲೆಗೆ ಹತ್ತಿಯ ಟವೆಲ್ ಸುತ್ತಿಕೊಳ್ಳಿ, ಗಾಳಿ ಎದ್ದಾಗ ಮೂಗು, ಬಾಯಿ ಮುಚ್ಚಲೂ ಅದೇ ಆಗುತ್ತದೆ.

ದಿಬ್ಬ ಹತ್ತುವಾಗ ಕಡಿದಾದ ಕಡೆಯಿಂದ ನುಗ್ಗಿದರೆ ಒಂದು ಹೆಜ್ಜೆಗೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೀರಿ. ಗಾಳಿ ಬೀಸಿ ಬರುವ ಕಡೆ ಮರಳು ಗಟ್ಟಿಯಾಗಿರುತ್ತದೆ, ಗೆರೆ ಗೆರೆಯಾಗಿ ಕಾಣುತ್ತದೆ, ಅಲ್ಲಿಂದ ಹತ್ತಿ. ಬೆಳಿಗ್ಗೆ ಶೂ ಕೊಡವಿಯೇ ಹಾಕಿಕೊಳ್ಳಿ, ಒಳಗೆ ಚೇಳು ಇರಬಹುದು.