ಒಂದೇ ಡೇಟಾಬೇಸ್, ಎರಡು ಸರ್ವರ್, ಎರಡು ಉತ್ತರ

ನಾನು ನೋಡಿಕೊಳ್ಳುತ್ತಿದ್ದ ಗ್ರಂಥಾಲಯವೊಂದರ ಪುಸ್ತಕಸೂಚಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 12ನೆಯ ಆವೃತ್ತಿಯಲ್ಲಿತ್ತು. ಹೊಸ ನಮೂದುಗಳೆಲ್ಲ ಮುಖ್ಯ ಸರ್ವರ್‌ಗೆ ಸೇರುತ್ತಿದ್ದವು. ಸ್ಟ್ರೀಮಿಂಗ್ ರೆಪ್ಲಿಕೇಶನ್ ಮೂಲಕ ಅದರ ಯಥಾಪ್ರತಿಯನ್ನು ಪಡೆಯುವ ಎರಡನೆಯ ಸರ್ವರ್ ಓದುಗರ ಹುಡುಕಾಟಕ್ಕೆ ಮೀಸಲಾಗಿತ್ತು. ಎರಡೂ ಒಂದೇ ಮಾದರಿಯ ಯಂತ್ರಗಳು, ಪೋಸ್ಟ್‌ಗ್ರೆಸ್‌ನ ಆವೃತ್ತಿಯೂ ಒಂದೇ. ಆದರೂ ನಡುವೆ ಅಡ್ಡಗೆರೆಯಿರುವ ಕೆಲವು ಪುಸ್ತಕ ಸಂಖ್ಯೆಗಳನ್ನು ಹುಡುಕಿದಾಗ ಮುಖ್ಯ ಸರ್ವರ್ ಪುಸ್ತಕವನ್ನು ತೋರಿಸುತ್ತಿತ್ತು, ಎರಡನೆಯದು ಅಂಥ ಪುಸ್ತಕವೇ ಇಲ್ಲವೆನ್ನುತ್ತಿತ್ತು. ಲಾಗ್‌ನಲ್ಲಿ ಒಂದೂ ದೋಷಸಂದೇಶವಿರಲಿಲ್ಲ.

ರೆಪ್ಲಿಕೇಶನ್ ಹಿಂದೆ ಬಿದ್ದಿರಬಹುದೆಂಬ ಅನುಮಾನ ಬೇಗನೆ ಪರಿಹಾರವಾಯಿತು, ಏಕೆಂದರೆ ಒಟ್ಟು ಸಾಲುಗಳ ಎಣಿಕೆ ಎರಡೂ ಕಡೆ ಸಮನಾಗಿತ್ತು. ನಿಜವಾದ ಸುಳಿವು ದೊರೆತದ್ದು, ಎರಡನೆಯ ಸರ್ವರ್‌ನಲ್ಲಿ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಸೂಚಿ) ಬಳಕೆಯನ್ನು ಆ ಸೆಷನ್‌ನ ಮಟ್ಟಿಗೆ ನಿಲ್ಲಿಸಿ ಅದೇ ಕ್ವೆರಿಯನ್ನು ಓಡಿಸಿದಾಗ: ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಪೋಸ್ಟ್‌ಗ್ರೆಸ್‌ಗೆ ಆ ಪುಸ್ತಕ ಸಿಕ್ಕಿತು. ಅಂದರೆ ದತ್ತಾಂಶ ಅಲ್ಲಿಯೇ ಇದೆ, ಅದನ್ನು ತಲುಪುವ ದಾರಿ ಮಾತ್ರ ತಪ್ಪುತ್ತಿದೆ. ಇಂಡೆಕ್ಸನ್ನು ಪರೀಕ್ಷಿಸುವ ಆಮ್‌ಚೆಕ್ ಎಂಬ ಎಕ್ಸ್‌ಟೆನ್ಶನ್ ಕೂಡ ಮುಖ್ಯ ಸರ್ವರ್‌ನಲ್ಲಿ ಸುಮ್ಮನಿದ್ದು, ಎರಡನೆಯದರಲ್ಲಿ ಇಂಡೆಕ್ಸಿನ ಕ್ರಮ ಕೆಟ್ಟಿದೆಯೆಂದು ವರದಿ ಮಾಡಿತು. ಬೈಟು ಬೈಟಿಗೂ ನಕಲಾಗುವ ಫೈಲ್ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂದಾದರೆ, ವ್ಯತ್ಯಾಸ ಫೈಲಿನಲ್ಲಿರದೆ ಅದನ್ನು ಓದುವವನಲ್ಲಿರಬೇಕು.

ಹೀಗಾಗಿ, ಪೋಸ್ಟ್‌ಗ್ರೆಸ್ ತನ್ನ ಕೆಲಸಕ್ಕಾಗಿ ಆಪರೇಟಿಂಗ್ ಸಿಸ್ಟಮ್‌ನಿಂದ ಏನೇನನ್ನು ಎರವಲು ಪಡೆಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟೆ. ಎರಡೂ ಯಂತ್ರಗಳ ಪ್ಯಾಕೇಜ್ ಪಟ್ಟಿಗಳನ್ನು ತೆಗೆದು ಡಿಫ್ ಮಾಡಿದಾಗ ಮುಖ್ಯ ಸರ್ವರ್ ಉಬುಂಟು 18.04ರಲ್ಲಿಯೂ ಎರಡನೆಯದು 20.04ರಲ್ಲಿಯೂ ಇರುವುದು ಕಂಡಿತು. ಅವುಗಳಲ್ಲಿನ ಸಿ ಲೈಬ್ರರಿ, ಅಂದರೆ ಪಠ್ಯವನ್ನು ಹೋಲಿಸಲು ಪೋಸ್ಟ್‌ಗ್ರೆಸ್ ಎರವಲು ಪಡೆಯುತ್ತಿದ್ದ ಜಿಲಿಬ್‌ಸಿ, ಕ್ರಮವಾಗಿ 2.27 ಮತ್ತು 2.31. ಈ ಎರಡರ ನಡುವೆ, 2018ರಲ್ಲಿ ಬಂದ 2.28ರಲ್ಲಿ, ಅಕ್ಷರಗಳ ವಿಂಗಡಣೆಯ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾಗಿದ್ದವು.

ಊಹೆಯನ್ನು ಖಚಿತಪಡಿಸಿಕೊಳ್ಳಲು ಡೇಟಾಬೇಸನ್ನು ಪಕ್ಕಕ್ಕಿಟ್ಟು, ಎನ್-ಯುಎಸ್ ಲೊಕೇಲ್‌ನಲ್ಲಿ (ಅಮೆರಿಕದ ಇಂಗ್ಲಿಷಿನ ಭಾಷಾ ನಿಯಮಗಳಲ್ಲಿ) ‘1-1’ ಮತ್ತು ‘11’ ಎಂಬ ಎರಡೇ ಸಾಲುಗಳನ್ನು ಎರಡೂ ಯಂತ್ರಗಳ ಸಾರ್ಟ್ ಕಮಾಂಡಿಗೆ ಕೊಟ್ಟೆ. ಹಳೆಯದು ‘11’ ಅನ್ನು ಮೊದಲಿಟ್ಟಿತು, ಹೊಸದು ‘1-1’ ಅನ್ನು ಮೊದಲಿಟ್ಟಿತು. ಹಳೆಯ ನಿಯಮವು ಮೊದಲ ಹೋಲಿಕೆಯಲ್ಲಿ ಅಡ್ಡಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹೊಸ ನಿಯಮ ತೆಗೆದುಕೊಳ್ಳುತ್ತದೆ. ಮರದಂತೆ ಕವಲೊಡೆಯುವ ಬಿ-ಟ್ರೀ ಇಂಡೆಕ್ಸ್‌ನಲ್ಲಿ ಪ್ರತಿ ಹಂತದಲ್ಲೂ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಎಂಬುದು ಇದೇ ಹೋಲಿಕೆಯಿಂದ ತೀರ್ಮಾನವಾಗುವುದರಿಂದ, ಒಂದು ವರ್ಣಕ್ರಮದಲ್ಲಿ ಜೋಡಿಸಿದ ನಿಘಂಟನ್ನು ಬೇರೊಂದು ವರ್ಣಕ್ರಮವನ್ನು ನಂಬಿ ಹುಡುಕಿದಂತೆ, ಇರುವ ಪದವೂ ಸಿಗದೆ ಹೋಗುತ್ತದೆ. ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಇದರ ಮುಂದಿನ ಸಾಧ್ಯತೆ: ಮುಖ್ಯ ಸರ್ವರ್ ಕೆಟ್ಟು ಈ ಪ್ರತಿಯೇ ಅದರ ಜಾಗಕ್ಕೆ ಬಂದಿದ್ದರೆ, ಒಂದೇ ಸಂಖ್ಯೆ ಎರಡು ಬಾರಿ ಸೇರದಂತೆ ತಡೆಯಬೇಕಾದ ಯೂನಿಕ್ ಇಂಡೆಕ್ಸ್ ಹಳೆಯ ಸಂಖ್ಯೆಯನ್ನು ಕಾಣದೆ ಅದನ್ನೇ ಮತ್ತೊಮ್ಮೆ ಸೇರಿಸಲು ಬಿಡುತ್ತಿತ್ತು.

ಎರಡನೆಯ ಸರ್ವರ್ ಓದಲು ಮಾತ್ರ ಇರುವುದರಿಂದ ಅಲ್ಲಿ ರೀಇಂಡೆಕ್ಸ್ ಮಾಡಲಾಗದು, ಅಂದರೆ ಇಂಡೆಕ್ಸನ್ನು ಹೊಸದಾಗಿ ಕಟ್ಟಲಾಗದು. ಮುಖ್ಯ ಸರ್ವರ್‌ನಲ್ಲಿ ಮಾಡಿದರೆ ಹಳೆಯ ಕ್ರಮವೇ ಮತ್ತೆ ಹರಿದುಬರುತ್ತದೆ. ಪುಸ್ತಕ ಸಂಖ್ಯೆಗೆ ಭಾಷೆಯ ವರ್ಣಕ್ರಮ ಬೇಕಿರಲಿಲ್ಲವಾದ್ದರಿಂದ ಆ ಕಾಲಮಿನ ಕೊಲೇಶನ್ ಅನ್ನು, ಅಂದರೆ ವಿಂಗಡಣೆಯ ನಿಯಮವನ್ನು, ‘ಸಿ’ಗೆ ಬದಲಿಸಿದೆ. ಆಗ ಹೋಲಿಕೆ ಬೈಟುಗಳ ಮೇಲೆ ಮಾತ್ರ ನಡೆಯುತ್ತದೆ, ಲೈಬ್ರರಿ ಯಾವುದಾದರೂ ಫಲಿತಾಂಶ ಒಂದೇ. ಶೀರ್ಷಿಕೆ ಮತ್ತು ಲೇಖಕರ ಹೆಸರುಗಳಿಗೆ ಈ ಉಪಾಯ ಒಗ್ಗುವುದಿಲ್ಲ. ಅವುಗಳಿಗಾಗಿ 20.04 ಇರುವ ಹೊಸ ಸರ್ವರ್ ಒಂದನ್ನು ಲಾಜಿಕಲ್ ರೆಪ್ಲಿಕೇಶನ್ ಮೂಲಕ ತುಂಬಿಸಿದೆ. ಈ ವಿಧಾನದಲ್ಲಿ ಫೈಲಿನ ಬದಲು ಸಾಲುಗಳು ಸಾಗುವುದರಿಂದ ಪ್ರತಿ ಯಂತ್ರವೂ ಇಂಡೆಕ್ಸನ್ನು ತನ್ನದೇ ನಿಯಮದಂತೆ ಕಟ್ಟಿಕೊಳ್ಳುತ್ತದೆ. ಅನಂತರ ಅದನ್ನೇ ಮುಖ್ಯ ಸರ್ವರ್ ಮಾಡಿ, ಹಳೆಯ ಪ್ರತಿಯನ್ನು ಅಳಿಸಿ ಈ ಹೊಸ ಮುಖ್ಯ ಸರ್ವರ್‌ನಿಂದಲೇ ಮತ್ತೆ ಕಟ್ಟಿದೆ.

ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಡೇಟಾಬೇಸಿನ ಕೊಲೇಶನ್ ಆವೃತ್ತಿ ದಾಖಲಾಗುತ್ತದೆ, ಹೊಂದದಿದ್ದರೆ ಎಚ್ಚರಿಕೆಯೂ ಬರುತ್ತದೆ. ಅದಕ್ಕೂ ಹಳೆಯದನ್ನು ಬಳಸುವವರು ಆಪರೇಟಿಂಗ್ ಸಿಸ್ಟಮ್ ಬದಲಿಸುವ ಮುನ್ನ ಆ ಎರಡು ಸಾಲುಗಳ ಸಾರ್ಟ್ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬೇಕು. ಪೂರ್ಣಾಂಕ ಮತ್ತು ದಿನಾಂಕಗಳ ಇಂಡೆಕ್ಸ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಪಠ್ಯವಿರುವ ಕಾಲಮ್‌ಗಳನ್ನಷ್ಟೇ ನೋಡಿದರೆ ಸಾಕು.