ಮ್ಯಾಟ್ ಮೇಲೆ ಸರಿ ಹೋಗೋ ಬಾಲ್ ಹುಲ್ಲಿನ ಮೇಲೆ ಯಾಕೆ ಕೈ ಕೊಡುತ್ತೆ

2 ವರ್ಷ, ಗಾಲ್ಫ್ ಅಭ್ಯಾಸ ಮಾಡೋ ಜಾಗವಾದ ಡ್ರೈವಿಂಗ್ ರೇಂಜ್‌ನ ಹಸಿರು ಮ್ಯಾಟ್ ಮೇಲೆ ನಿಂತು ನನಗೆ ಗಾಲ್ಫ್ ಬಂತು ಅಂದುಕೊಂಡಿದ್ದೆ. ಸೆವೆನ್ ಐರನ್ (ಮಧ್ಯಮ ದೂರಕ್ಕೆ ಹೊಡೆಯೋ ಕ್ಲಬ್, ಅಂದರೆ ಗಾಲ್ಫ್ ಕೋಲು) ಹಿಡಿದರೆ 10ರಲ್ಲಿ 7 ಬಾಲ್ ನೀಟಾಗಿ ಮೇಲೆದ್ದು ಹೋಗುತ್ತಿದ್ದವು. ಆಮೇಲೊಂದು ಭಾನುವಾರ ಸ್ನೇಹಿತನ ಗೆಸ್ಟ್ ಆಗಿ ಬೆಂಗಳೂರಿನ ಒಂದು ಗಾಲ್ಫ್ ಕೋರ್ಸ್‌ಗೆ ಹೋದೆ. ಮೊದಲ ಹೋಲ್‌ನಲ್ಲೇ ಬಾಲ್‌ಗಿಂತ ಮಣ್ಣು ದೂರ ಹೋಯಿತು. ಐದನೇ ಹೋಲ್ ಹೊತ್ತಿಗೆ ಕ್ಲಬ್ ಚೀಲ ಹೊರೋ ಕ್ಯಾಡಿ ಅಣ್ಣನಿಗೆ ತಡೆಯಲಾಗಲಿಲ್ಲ. "ಸರ್, ಬಾಲ್ ಇಲ್ಲಿದೆ, ನೀವು ಅಲ್ಲಿ ಹೊಡೀತಿದೀರ" ಅಂತ ಬಾಲ್‌ನಿಂದ ನಾಲ್ಕು ಬೆರಳು ಹಿಂದೆ ಬೊಟ್ಟು ಮಾಡಿ ತೋರಿಸಿದರು.

ನಿಜ ಹೇಳಬೇಕೆಂದರೆ ಮೋಸ ಮಾಡಿದ್ದು ಮ್ಯಾಟ್. ಬಾಲ್‌ಗಿಂತ ಹಿಂದೆ ಬಿದ್ದರೂ ಕ್ಲಬ್ ಅದರ ಮೇಲೆ ಜಾರಿಕೊಂಡು ಹೋಗಿ ಬಾಲ್‌ಗೆ ತಾಗುತ್ತೆ, ಬಾಲ್ ಚೆನ್ನಾಗೇ ಹಾರುತ್ತೆ, ನಾವು ಖುಷಿಯಾಗಿ ಇನ್ನೊಂದು ಬಕೆಟ್ ಬಾಲ್ ತಗೋತೀವಿ. ಮಣ್ಣಿನಲ್ಲಿ ಅದೇ ಏಟಿಗೆ ಕ್ಲಬ್ ಒಳಗೆ ಕಚ್ಚಿಕೊಂಡು ಅಲ್ಲೇ ನಿಂತುಬಿಡುತ್ತೆ.

ಅವತ್ತೇ ಅಂಗಡಿಯಿಂದ ರಂಗೋಲಿ ಪುಡಿ ತಂದೆ. ಮನೆ ಹಿಂದಿನ ಖಾಲಿ ಸೈಟ್‌ನಲ್ಲಿ ಗುರಿಗೆ ಅಡ್ಡವಾಗಿ ಉದ್ದಕ್ಕೆ ಒಂದು ಗೆರೆ ಎಳೆದೆ, ಗೆರೆಯನ್ನೇ ಬಾಲ್ ಅಂತ ಇಟ್ಟುಕೊಂಡು, ಬಾಲ್ ಇಲ್ಲದೆ ಸುಮ್ನೆ ಬೀಸುತ್ತಾ ಗೆರೆ ಪಕ್ಕ ಒಂದೊಂದೇ ಹೆಜ್ಜೆ ಮುಂದೆ ಹೋದೆ. ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ, "ಏನ್ರೀ, ಸೈಟ್ ಅಳತೆ ಮಾಡ್ತಿದೀರಾ?" ಅಂದರು. 20 ಸಲ ಬೀಸಿದರೆ ಕ್ಲಬ್ ನೆಲ ಕಿತ್ತ 17 ಗಾಯ ಗೆರೆಯ ಹಿಂದೆ. ಐರನ್‌ನಲ್ಲಿ ಕ್ಲಬ್ ಮೊದಲು ಬಾಲ್‌ಗೆ ತಾಗಿ ಆಮೇಲೆ ಮಣ್ಣು ಮುಟ್ಟಬೇಕು, ಅಂದರೆ ಕಿತ್ತ ಜಾಗ ಗೆರೆಯಿಂದ ಮುಂದಕ್ಕೆ, ಗುರಿಯ ಕಡೆಗೆ ಇರಬೇಕು. ನಂದು ಪೂರ್ತಿ ಉಲ್ಟಾ.

ಕಾರಣ ನಮ್ಮ ಗಲ್ಲಿ ಕ್ರಿಕೆಟ್ ಅಂತ ನನ್ನ ಅನುಮಾನ. ಬಾಲ್ ಮೇಲೆ ಹೋಗಬೇಕೆಂದರೆ ಅದರ ಕೆಳಗೆ ಕೈ ಹಾಕಿ ಎತ್ತಬೇಕು ಅನ್ನೋ ಅಭ್ಯಾಸ. ಎತ್ತಲು ಹೋದ ತಕ್ಷಣ ಮೈ ಭಾರ ಬಲಗಾಲಲ್ಲೇ ಉಳಿಯುತ್ತೆ (ನಾನು ಬಲಗೈ ಆಟಗಾರ), ಕ್ಲಬ್ ಹಿಂದೆಯೇ ನೆಲ ಮುಟ್ಟುತ್ತೆ. ಆದರೆ ಸೆವೆನ್ ಐರನ್‌ನ ಬಾಲ್‌ಗೆ ತಾಗೋ ಮುಖಕ್ಕೆ ಸುಮಾರು 30 ಡಿಗ್ರಿ ಓರೆ ಇರುತ್ತೆ, ಎತ್ತೋ ಕೆಲಸ ಅದರದ್ದು, ನಮ್ಮದಲ್ಲ. ಬಾಲ್ ನೆತ್ತಿಗೆ ತಾಗಿ ನೆಲದ ಮೇಲೇ ಓಡುವ ಟಾಪ್ ಏಟು ಕೂಡ ಬಹಳ ಸಲ ಇದೇ ಕಾಯಿಲೆ: ಕ್ಲಬ್ ಆಗಲೇ ತಳ ಮುಟ್ಟಿ ಮೇಲೇಳುವಾಗ ಬಾಲ್‌ಗೆ ತಾಗುತ್ತೆ. ಇದಕ್ಕೆ ಎಲ್ಲರೂ ಕೊಡೋ ಬಿಟ್ಟಿ ಸಲಹೆ "ತಲೆ ಎತ್ತಬೇಡ". ನನಗಂತೂ ಅದರಿಂದ ನಷ್ಟವೇ ಆಯಿತು. ತಲೆ ಗಟ್ಟಿ ಹಿಡಿದು ಹಿಡಿದು ಮೈ ಇನ್ನಷ್ಟು ಹಿಂದೆಯೇ ನಿಂತಿತು.

ಮಾಡಿದ್ದು ಇಷ್ಟೇ. ನಿಲ್ಲುವಾಗಲೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಭಾರ ಎಡಗಾಲಿಗೆ ಹಾಕಿದೆ. ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ ಅರ್ಧ ಸ್ವಿಂಗ್ ಮಾತ್ರ. ಮುಗಿದ ಮೇಲೆ ಬಲಗಾಲು ಎತ್ತಿ ಎಡಗಾಲಲ್ಲೇ ನಿಲ್ಲೋಕೆ ಆಗಬೇಕು, ಆಗದಿದ್ದರೆ ಆ ಏಟು ಲೆಕ್ಕಕ್ಕಿಲ್ಲ. ಮೂರನೇ ವಾರಕ್ಕೆ ಗಾಯಗಳು ಗೆರೆ ದಾಟಿದವು.

ಸ್ಲೈಸ್ ಬೇರೆ ಕಥೆ. ನನ್ನ ಬಾಲ್ ಸ್ವಲ್ಪ ಎಡಕ್ಕೆ ಹೊರಟು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗುತ್ತಿತ್ತು. ಬಾಲ್ ಹೊರಡೋದು ಹೆಚ್ಚುಕಡಿಮೆ ಕ್ಲಬ್ ಮುಖ ನೋಡುವ ಕಡೆಗೆ, ಬಾಗೋದು ಮುಖಕ್ಕೂ ಕ್ಲಬ್ ಓಡುವ ದಾರಿಗೂ ಇರುವ ವ್ಯತ್ಯಾಸದಿಂದ. ಇದು ಗೊತ್ತಿಲ್ಲದೆ ನಾನು ಇನ್ನೂ ಎಡಕ್ಕೆ ತಿರುಗಿ ನಿಲ್ಲುತ್ತಿದ್ದೆ, ದಾರಿಯೂ ಎಡಕ್ಕೆ ಹೋಗಿ ಸ್ಲೈಸ್ ದೊಡ್ಡದಾಗುತ್ತಿತ್ತು. ಹೊಡೆಯೋ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿ ಸರಿ ಮಾಡ್ತೀನಿ ಅನ್ನೋದೂ ಆಗದ ಮಾತು. ಕ್ಲಬ್ ಬಾಲ್‌ಗೆ ತಾಗಿರೋದೇ ಸೆಕೆಂಡಿನ 2,000ದಲ್ಲಿ ಒಂದು ಪಾಲು.

ಮೊದಲು ಗ್ರಿಪ್ ಸರಿ ಮಾಡಿದೆ. ಬಗ್ಗಿ ನೋಡಿದರೆ ಎಡಗೈಯ ಒಂದೇ ಗೆಣ್ಣು ಕಾಣುತ್ತಿತ್ತು, ಎರಡೂವರೆ ಕಾಣುವ ಹಾಗೆ ಕೈ ಬಲಕ್ಕೆ ತಿರುಗಿಸಿ ಹಿಡಿದೆ. ಒಂದು ವಾರ ಬಾಲ್ ಎಡಕ್ಕೆ ಬಾಗಿ (ಹುಕ್ ಅಂತಾರೆ) ತಲೆ ಕೆಟ್ಟುಹೋಯಿತು, ಆದರೂ ಬಿಡಲಿಲ್ಲ. ಆಮೇಲೆ ಬಾಲ್‌ನಿಂದ ಒಂದು ಗೇಣು ಹಿಂದೆ, ಸ್ವಲ್ಪ ಆಚೆಗೆ ಹವಾಯಿ ಚಪ್ಪಲಿ ಇಟ್ಟೆ. ಕ್ಲಬ್ ಹೊರಗಿನಿಂದ ಬಂದರೆ ಚಪ್ಪಲಿ ಹಾರುತ್ತೆ. ಮೊದಲ ದಿನ ಬಾಲ್‌ಗಿಂತ ಚಪ್ಪಲಿಯೇ ಜಾಸ್ತಿ ಹಾರಿತು.

ಶ್ಯಾಂಕ್, ಅಂದರೆ ಬಾಲ್ ಕ್ಲಬ್ ಮುಖಕ್ಕೆ ಹಿಡಿ ಸೇರೋ ಮೂಲೆಗೆ ತಾಗಿ ಪಕ್ಕಕ್ಕೆ ಹಾರೋ ಏಟಿನ ಬಗ್ಗೆ ಮಾತಾಡೋಕೇ ಜನ ಹೆದರ್ತಾರೆ, ಅಲ್ವಾ? ಮಗಳ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬಾಲ್ ಹಿಂಬದಿಗೆ ಚುಕ್ಕೆ ಇಟ್ಟು ಹೊಡೆದರೆ ಕ್ಲಬ್ ಮುಖದ ಮೇಲೆ ಗುರುತು ಬೀಳುತ್ತೆ. ನನ್ನ ಗುರುತೆಲ್ಲ ಹಿಡಿಯ ಕಡೆ ಅಂಚಿನಲ್ಲಿ. ಕೆಳಗೆ ಬರುವಾಗ ಮೈ ಕಾಲ್ಬೆರಳ ಮೇಲೆ ವಾಲುತ್ತಿತ್ತು. ಎರಡು ಬಾಲ್ ಪಕ್ಕಪಕ್ಕ ಇಟ್ಟು, ಆಚೆಯದಕ್ಕೆ ಕ್ಲಬ್ ಇಟ್ಟು ನಿಂತು ಈಚೆಯದನ್ನು ಹೊಡೆದೆ. ಎರಡೇ ದಿನದಲ್ಲಿ ಗುರುತು ನಡುವಿಗೆ ಬಂತು.

ಇದರ ಜೊತೆ ಜೋರು ಕಡಿಮೆ ಮಾಡಿದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದಿದ್ದು ದೂರ ಹೊಡೆದಲ್ಲ, ಅವರಿಗಿಂತ ಉದ್ದ ಡ್ರೈವ್ ಹೊಡೆಯೋರು ಅಲ್ಲಿ ಬೇಕಾದಷ್ಟು ಜನ ಇದ್ದರು.

ತುಂಬಾ ದೂರ ಹೊಡೆಯೋ ಕ್ಲಬ್ ಆದ ಡ್ರೈವರ್ ಮಾತ್ರ ಇನ್ನೂ ಹಟ ಮಾಡುತ್ತಿದೆ. ಟೀ (ನೆಲಕ್ಕೆ ಚುಚ್ಚೋ ಪುಟ್ಟ ಗೂಟ) ಮೇಲಿನ ಬಾಲ್, ಕ್ಲಬ್ ಮೇಲೇಳುವಾಗ ತಾಗಬೇಕು, ಅದಕ್ಕೆ ರಂಗೋಲಿ ಗೆರೆ ಉಪಯೋಗಕ್ಕೆ ಬರಲ್ಲ. ಸದ್ಯಕ್ಕೆ ಚಪ್ಪಲಿಯೇ ಗತಿ.