ಡೊಂಬಿವಲಿಯ ಸುತ್ತಿಗೆ ಸ್ವಾಮಿ

ರಾಕ್ಷಸರನ್ನು ಕೊಲ್ಲುವ ಕಂಪ್ಯೂಟರ್ ಆಟ ಡಯಾಬ್ಲೊ 2: ರಿಸರೆಕ್ಟೆಡ್‌ನಲ್ಲಿ ನನ್ನ ಪ್ಯಾಲಡಿನ್ (ಧರ್ಮಯೋಧ) ಪೂರ್ತಿ ಆಫ್‌ಲೈನ್‌ನಲ್ಲೇ ಬೆಳೆದವನು. ಮುಂಬೈ ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗ್‌ನ ಇಂಟರ್ನೆಟ್ ನಂಬಿ ಹೆಲ್‌ಗೆ, ಅಂದ್ರೆ ಆಟದ ಅತಿ ಕಷ್ಟದ ಹಂತಕ್ಕೆ, ಇಳಿಯೋಕಾಗಲ್ಲ. ಮಾಟುಂಗಾದಲ್ಲಿ ಕಾಫಿಗೆ ಸೇರುವ ಗೆಳೆಯರು ಅವನಿಗೆ ‘ಸುತ್ತಿಗೆ ಸ್ವಾಮಿ’ ಅಂತ ಹೆಸರಿಟ್ಟಿದ್ದಾರೆ. ಆಫ್‌ಲೈನ್ ಅಂದ್ರೆ ಯಾರ ಹತ್ತಿರವೂ ವಸ್ತು ಬದಲಾಯಿಸಿಕೊಳ್ಳುವಂತಿಲ್ಲ, ಬಿದ್ದದ್ದೇ ಪ್ರಸಾದ.

18ನೇ ಲೆವೆಲ್ ತನಕ ಹೋಲಿ ಫೈರ್ ಔರಾ (ಸುತ್ತಲಿನವರಿಗೆ ಬೆಂಕಿ ತಾಗಿಸುವ ಪ್ರಭಾವಲಯ) ಹಾಕಿಕೊಂಡು ಓಡಾಡಿದೆ. ಅಲ್ಲಿ ಮಂತ್ರದ ಸುತ್ತಿಗೆ ಬಿಡುವ ಬ್ಲೆಸ್ಡ್ ಹ್ಯಾಮರ್ ತೆರೆದುಕೊಳ್ಳುತ್ತೆ, ಜೊತೆಗೆ ಏಟು ಹೆಚ್ಚಿಸುವ ಕಾನ್ಸಂಟ್ರೇಶನ್ ಮತ್ತು ಓಟ ಹೆಚ್ಚಿಸುವ ವಿಗರ್ ಔರಾಗಳು ಕೂಡ. ಆಟದ ಮೊದಲ ಕಾರ್ಯ ಡೆನ್ ಆಫ್ ಈವಿಲ್ ಮುಗಿಸಿದ್ದಕ್ಕೆ ಸಿಕ್ಕಿದ್ದ ರೀಸೆಟ್ಟನ್ನು (ಕೌಶಲದ ಪಾಯಿಂಟ್ ಮರುಹಂಚುವ ಅವಕಾಶ) ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಆ ಅವಕಾಶ ಕೊಡುವ ಅಕಾರಾ ಹತ್ತಿರ ಹೋಗಿ ಪಾಯಿಂಟ್ ಎಲ್ಲ ವಾಪಸ್ ತಗೊಂಡು ಹೊಸದಾಗಿ ಹಂಚಿದೆ. ಕೊನೆಗೆ ತಲುಪಬೇಕಾದ ಲೆಕ್ಕ ಸುಲಭ: ಹ್ಯಾಮರ್‌ಗೆ 20, ಕಾನ್ಸಂಟ್ರೇಶನ್‌ಗೆ 20, ವಿಗರ್‌ಗೆ 20, ಉಳಿದದ್ದು ಬ್ಲೆಸ್ಡ್ ಏಮ್ ಎಂಬ ಇನ್ನೊಂದು ಔರಾಗೆ. ವಿಗರ್ ಮತ್ತು ಬ್ಲೆಸ್ಡ್ ಏಮ್ ಹ್ಯಾಮರ್‌ನ ಏಟು ಹೆಚ್ಚಿಸುತ್ತವೆ. ಗುರಾಣಿಯ ರಕ್ಷಣೆ ಹೆಚ್ಚಿಸುವ ಹೋಲಿ ಶೀಲ್ಡ್‌ಗೆ ಒಂದು ಪಾಯಿಂಟ್ ಹಾಕಿ ಬಿಟ್ಟೆ.

ನಿಜವಾದ ಕೆಲಸ ಇರೋದು ನಿಲ್ಲೋದ್ರಲ್ಲಿ. ಸುತ್ತಿಗೆ ನೇರ ಹೋಗಲ್ಲ. ಜಿಲೇಬಿ ಬಿಡುವವನ ಕೈಯ ಹಾಗೆ ಒಳಗಿನಿಂದ ಹೊರಗೆ ಸುತ್ತುತ್ತಾ ಹಿಗ್ಗುತ್ತೆ. ರಾಕ್ಷಸನ ಮೇಲೆ ಗುರಿಯಿಟ್ಟು ಕ್ಲಿಕ್ ಮಾಡಿದ್ರೆ ಪ್ರಯೋಜನವಿಲ್ಲ, ಸುತ್ತಿಗೆ ಹಾಯುವ ದಾರಿಗೆ ಅವನು ಬರುವಂತೆ ನಾವು ಜಾಗ ಬದಲಿಸಬೇಕು. ನಾನು ಒಂದೇ ಕಡೆ ನಿಂತು ನಾಲ್ಕೈದು ಸುತ್ತಿಗೆ ಬಿಟ್ಟು, ಏಟು ಬೀಳದಿದ್ರೆ ಅರ್ಧ ಹೆಜ್ಜೆ ಸರಿಯುತ್ತೇನೆ. ಬಯಲಲ್ಲಿ ಇದು ಅದ್ಭುತ. ಗೋಡೆಗೆ ತಾಗಿದ್ರೆ ಮಾತ್ರ ಸುತ್ತಿಗೆ ಮಾಯ. ಹಾಗಾಗಿ ಆಕ್ಟ್ 2ರ (ಆಟದ ಎರಡನೇ ಅಂಕದ) ಕಿರಿದಾದ ಬಿಲ ಮ್ಯಾಗಟ್ ಲೇರ್ ಅಂದ್ರೆ ನನಗೆ ತಲೆನೋವು. ಆ ಇಕ್ಕಟ್ಟು ನೋಡಿದ್ರೆ ಸಂಜೆ 6.30ರ ಕಲ್ಯಾಣ್ ಲೋಕಲ್ಲೇ ವಾಸಿ ಅನ್ಸುತ್ತೆ.

ರೂನ್ ಎಂಬ ಮಂತ್ರಾಕ್ಷರದ ಕಲ್ಲುಗಳನ್ನು ಆಯುಧದ ಸಾಕೆಟ್‌ಗಳಲ್ಲಿ (ತೂತುಗಳಲ್ಲಿ) ಕ್ರಮವಾಗಿ ಕೂರಿಸಿದ್ರೆ ರೂನ್‌ವರ್ಡ್. ಸ್ಪಿರಿಟ್ ಎಂಬ ರೂನ್‌ವರ್ಡ್ ಮಾಡಲು ತಾಲ್, ಥುಲ್, ಓರ್ಟ್, ಆಮ್ನ್ ರೂನ್‌ಗಳು ಬೇಕು. ಒಂದು ಕತ್ತಿಗೆ, ಇನ್ನೊಂದು ಗುರಾಣಿಗೆ, ಎರಡಕ್ಕೂ ನಾಲ್ಕು ಸಾಕೆಟ್ ಇರಲೇಬೇಕು. ರೂನ್‌ಗಾಗಿ ಫರ್ಗಾಟನ್ ಟವರ್‌ನಲ್ಲಿರುವ ಕೌಂಟೆಸ್ ಎಂಬ ರಾಕ್ಷಸಿಯ ಮನೆಗೆ ರಾತ್ರಿ ಊಟ ಆದ್ಮೇಲೆ ದಿನಾ ಹಾಜರಿ. ಆಟದ ಸುಲಭ ಹಂತವಾದ ನಾರ್ಮಲ್‌ನಲ್ಲಿ ಆಕೆಯ ವಿಶೇಷ ರೂನ್ ಪಾಲು ರಾಲ್ ಎಂಬ ಕೆಳಗಿನ ರೂನ್ ತನಕ ಮಾತ್ರ. ಆದ್ರೆ ವಸ್ತುಗಳನ್ನು ಬೆರೆಸಿ ಹೊಸದು ಮಾಡುವ ಪೆಟ್ಟಿಗೆ ಹೊರಾಡ್ರಿಕ್ ಕ್ಯೂಬ್ ಇದೆಯಲ್ಲ! ಮೂರು ರಾಲ್ ಹಾಕಿದ್ರೆ ಒಂದು ಓರ್ಟ್, ಮೂರು ಓರ್ಟ್‌ಗೆ ಒಂದು ಥುಲ್. ಮೂರು ಥುಲ್ ಜೊತೆ ಒಂದು ಚಿಪ್ಡ್ ಟೋಪಾಜ್ (ಒಡಕು ಪುಷ್ಯರಾಗ) ಸೇರಿಸಿದ್ರೆ ಆಮ್ನ್. ಹೆಂಡತಿ ಪಕ್ಕದಲ್ಲಿ ಕೂತು, "ಇದೇನು, ಚೀಟಿ ಫಂಡ್ ಲೆಕ್ಕವಾ?" ಅಂತ ಕೇಳಿದ್ಳು.

ಸ್ಪಿರಿಟ್ ಬೇಕಾಗಿದ್ದು ಮುಖ್ಯವಾಗಿ ಫಾಸ್ಟರ್ ಕಾಸ್ಟ್ ರೇಟ್‌ಗೆ, ಅಂದ್ರೆ ಮಂತ್ರ ಬಿಡುವ ವೇಗಕ್ಕೆ. ಒಂದೊಂದು ತುಂಡು 25ರಿಂದ 35 ಶೇಕಡಾ ಕೊಡುತ್ತೆ. ಪ್ಯಾಲಡಿನ್ ಏನೂ ಇಲ್ಲದೆ ಒಂದು ಸುತ್ತಿಗೆಗೆ 15 ಫ್ರೇಮ್ (ಪರದೆಯ ಚಿತ್ರ ಬದಲಾಗುವ ಕ್ಷಣ) ತಗೊಳ್ತಾನೆ, ವೇಗ 75 ಶೇಕಡಾ ಆದ್ರೆ 10, 125 ಆದ್ರೆ 9. ನಡುವೆ 76ರಿಂದ 124ರವರೆಗೆ ಏನೂ ಲಾಭವಿಲ್ಲ. ಒಂದು ಫ್ರೇಮ್‌ಗೋಸ್ಕರ ರೆಸಿಸ್ಟೆನ್ಸ್ (ಬೆಂಕಿ, ಮಿಂಚು ಇತ್ಯಾದಿ ತಡೆಯುವ ಶಕ್ತಿ) ಇರುವ ಉಂಗುರ ಕಳಚೋದು ನನಗಂತೂ ಒಪ್ಪಲ್ಲ. 75ಕ್ಕೇ ನಿಲ್ಲಿಸಿದೆ.

ಇನ್ನು ಮಾನಾ, ಅಂದ್ರೆ ಮಂತ್ರಶಕ್ತಿ. ಸುತ್ತಿಗೆ ಬಿಟ್ಟಷ್ಟೂ ನೀಲಿ ಗೋಲ ಖಾಲಿ. ಅದಕ್ಕೆ ಆಕ್ಟ್ 2ರ ಪಟ್ಟಣ ಲುಟ್ ಗೊಲೀನ್‌ನಲ್ಲಿ ಒಬ್ಬ ಈಟಿಗಾರನನ್ನು ಕೂಲಿಗೆ ಇಟ್ಟುಕೊಂಡು, ರಾಲ್, ತಿರ್, ತಾಲ್, ಸೋಲ್ ಹಾಕಿದ ಇನ್‌ಸೈಟ್ ರೂನ್‌ವರ್ಡ್‌ನ ಪೋಲಾರ್ಮ್ (ಉದ್ದ ಹಿಡಿಕೆಯ ಆಯುಧ) ಕೊಟ್ಟೆ. ಮಾನಾ ಬೇಗ ತುಂಬಿಸುವ ಅದರ ಮೆಡಿಟೇಶನ್ ಔರಾ ಬಂದ್ಮೇಲೆ ನೀಲಿ ಬಾಟಲಿಗಳು ಬೆಲ್ಟ್‌ನಲ್ಲಿ ಸುಮ್ನೆ ಕೂತಿವೆ.

ಟೆಲಿಪೋರ್ಟ್ (ಕ್ಷಣದಲ್ಲಿ ಜಾಗ ಹಾರುವ ಮಂತ್ರ) ಕೊಡುವ ರೂನ್‌ವರ್ಡ್ ಎನಿಗ್ಮಾಗೆ ಬೇಕಾದ ಜಾಹ್, ಬೆರ್ ರೂನ್ ಎರಡೂ ಇನ್ನೂ ಬಿದ್ದಿಲ್ಲ, ಆದ್ದರಿಂದ ಟೆಲಿಪೋರ್ಟ್ ಇಲ್ಲ. ಡಯಾಬ್ಲೊ ಇರುವ ಕೇಯಾಸ್ ಸ್ಯಾಂಕ್ಚುರಿಯಲ್ಲಿ ವಿಗರ್ ಹಾಕಿ ಓಡ್ತೇನೆ, ಗುಂಪು ಕಂಡ ತಕ್ಷಣ ಕಾನ್ಸಂಟ್ರೇಶನ್‌ಗೆ ಬದಲಾಯಿಸ್ತೇನೆ. ಎರಡೂ ಅಕ್ಕಪಕ್ಕದ ಕೀಗಳಲ್ಲಿವೆ, ಕೀಬೋರ್ಡ್ ನೋಡಬೇಕಾಗಿಲ್ಲ.